ಮೊದಲ ಹತ್ತು ಮುದ್ರಿಕೆಗಳು ಮತ್ತು ಮರೆತುಹೋದ ಹೆಸರುಗಳು

ಶಾಸ್ತ್ರೀಯ ಸಂಗೀತವನ್ನು ಹೊಸದಾಗಿ ಕೇಳಲು ಹೊರಟವರು ಮೊದಲು ಏನನ್ನು ಕೂಡಿಸಿಟ್ಟುಕೊಳ್ಳಬೇಕು? ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂಥ ಊರುಗಳಲ್ಲಿರುವ ನಮಗೆ ಈ ಪ್ರಶ್ನೆ ಎರಡು ಕಾಲದಲ್ಲಿ ಎರಡು ಬಗೆಯಾಗಿ ಎದುರಾಗಿದೆ. ಹಿಂದೆ ಒಂದು ಒಳ್ಳೆಯ ಕ್ಯಾಸೆಟ್ ಬೇಕೆಂದರೆ ರಾಣೆಬೆನ್ನೂರಿಗೋ ಹುಬ್ಬಳ್ಳಿಗೋ ಬಸ್ಸು ಹತ್ತಬೇಕಿತ್ತು. ಈಗ ಅಂಗೈಯಲ್ಲಿರುವ ಮೊಬೈಲಿನಲ್ಲೇ ನೂರು ವರ್ಷದ ಸಂಗೀತ ಬಂದು ಕೂತಿದೆ. ಏನೂ ಸಿಗದ ಕಾಲದ ಕಷ್ಟ ಒಂದಾದರೆ, ಎಲ್ಲವೂ ಒಮ್ಮೆಗೇ ಸಿಗುವ ಕಾಲದ ಕಷ್ಟ ಇನ್ನೊಂದು. ಎರಡನೆಯದರಲ್ಲಿ ಕೇಳುಗ ಹುಡುಕುವುದಿಲ್ಲ, ತೇಲಿ ಹೋಗುತ್ತಾನೆ.

ಹೊಸಬರಿಗೆ ದಾರಿ ತೋರಿಸಲೆಂದು ಪತ್ರಿಕೆಗಳು, ಮುದ್ರಿಕೆಯ ಕಂಪನಿಗಳು ಕೊಡುತ್ತ ಬಂದಿರುವುದು ಪಟ್ಟಿಗಳನ್ನು. 'ಹತ್ತು ಶ್ರೇಷ್ಠ ಗಾಯಕರು', 'ಸುವರ್ಣ ಸಂಗ್ರಹ', 'ಬೆಳಗಿನ ರಾಗಗಳು' ಎಂಬ ಬಗೆಯವು. ಇವುಗಳಿಂದ ಅನುಕೂಲವಿಲ್ಲವೆಂದಲ್ಲ. ಆದರೆ ಇಂಥ ಪಟ್ಟಿಗಳು ಒಬ್ಬೊಬ್ಬ ಗಾಯಕನನ್ನೂ ತಾನೇ ತಾನಾಗಿ ಹುಟ್ಟಿದ ಪ್ರತಿಭೆಯಂತೆ ಬಿಡಿಸಿ ಇಡುತ್ತವೆ. ಯಾರು ಯಾರಿಗೆ ಕಲಿಸಿದರು, ಯಾವ ಊರಿನ ಯಾವ ಮನೆಯಲ್ಲಿ ಕಲಿಸಿದರು, ಪಕ್ಕದಲ್ಲಿ ತಬಲಾ ಹಿಡಿದು ಕೂತವರು ಯಾರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಹಿಂದೂಸ್ತಾನಿ ಸಂಗೀತವಾದರೋ ಗುರುವಿನ ಕಂಠದಿಂದ ಶಿಷ್ಯನ ಕಂಠಕ್ಕೆ ದಾಟಿ ಬಂದದ್ದು. ಆ ದಾಟುವಿಕೆಯನ್ನು ಬಿಟ್ಟು ಕಟ್ಟಿದ ಸಂಗ್ರಹ ಹೆಸರುಗಳ ಮೆರವಣಿಗೆ ಆಗುತ್ತದೆಯೇ ಹೊರತು ಕೇಳ್ಮೆಗೆ ಆಸರೆಯಾಗುವುದಿಲ್ಲ. ಆದ್ದರಿಂದ ಸಂಗ್ರಹವನ್ನು ಶ್ರೇಷ್ಠರ ಪಟ್ಟಿಯಿಂದ ಆರಂಭಿಸದೆ ಒಂದು ಗುರುಪರಂಪರೆಯಿಂದ ಆರಂಭಿಸಬೇಕು ಎಂಬುದು ನಮ್ಮ ವಾದ. ನಮ್ಮ ಅದೃಷ್ಟಕ್ಕೆ ಅಂಥದೊಂದು ಪರಂಪರೆ ನಮ್ಮ ಮನೆ ಬಾಗಿಲಲ್ಲೇ ಹಾದು ಹೋಗಿದೆ.

ಅದಕ್ಕೆ ಮೊದಲು ಒಂದು ಮಾತು. ಹಳ್ಳಿಯ ಕೇಳುಗನ ಕಿವಿ ಖಾಲಿ ಹಲಗೆಯಲ್ಲ. ಮೊಹರಮ್ಮಿನ ರಿವಾಯತು, ಭಜನಾ ಮೇಳದ ಹಾರ್ಮೋನಿಯಂ, ಕಂಪನಿ ನಾಟಕದ ರಂಗಗೀತೆ, ಶಿಶುನಾಳ ಶರೀಫರ ತತ್ವಪದ ಇವೆಲ್ಲ ಆ ಕಿವಿಯಲ್ಲಿ ಆಗಲೇ ಇವೆ. ಶರೀಫರ (1819–1889) ಶಿಶುನಾಳ ನಮ್ಮ ಜಿಲ್ಲೆಯದೇ ಶಿಗ್ಗಾವಿ ತಾಲ್ಲೂಕಿನ ಊರು. ಅವರ ಪದಗಳನ್ನು ಭಜನೆಯವರ ಬಾಯಲ್ಲೂ, ಆಮೇಲೆ ಸಿ. ಅಶ್ವತ್ಥ್ ಅವರ ದನಿಯಲ್ಲೂ ಕೇಳಿದವರಿಗೆ ಹಿಂದೂಸ್ತಾನಿ ಸಂಗೀತ ಪೂರ್ತಿ ಪರಕೀಯವೆನಿಸಲು ಕಾರಣವಿಲ್ಲ. 'ಶಾಸ್ತ್ರೀಯ' ಎಂಬ ಪದವೇ ನಮ್ಮನ್ನು ಹೆದರಿಸಿ ಹೊರಗೆ ನಿಲ್ಲಿಸುತ್ತದೆ. ಒಳಗೆ ಹೋಗಿ ನೋಡಿದರೆ ಅಲ್ಲಿ ಕೂತವರಲ್ಲಿ ಅರ್ಧ ಜನ ನಮ್ಮ ಪರಿಚಯದವರೇ.

ಪರಂಪರೆಯ ಮಾತಿಗೆ ಬರೋಣ. ಉತ್ತರ ಪ್ರದೇಶದ ಕೈರಾನಾ ಎಂಬ ಸಣ್ಣ ಊರಿನಲ್ಲಿ 1872ರಲ್ಲಿ ಹುಟ್ಟಿದ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೈಸೂರು ಅರಮನೆಗೆ ಹಾಡಲು ಬರುತ್ತಿದ್ದರು. ಹೋಗುತ್ತ ಬರುತ್ತ ಧಾರವಾಡದಲ್ಲಿ ತಮ್ಮ ಸೋದರನ ಮನೆಯಲ್ಲಿ ತಂಗುತ್ತಿದ್ದರು. ಹುಬ್ಬಳ್ಳಿಯಿಂದ ಹೊರಟು ಕುಂದಗೋಳ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ದಾಟಿ ಹರಿಹರದ ಕಡೆ ಸಾಗುವ ರೈಲು ಹಾದಿ ನಮಗೆಲ್ಲ ಗೊತ್ತಿದ್ದದ್ದೇ. ಆ ಹಾದಿಯ ಕುಂದಗೋಳದ ರಾಮಭಾವು ಎಂಬ ಹುಡುಗ ಖಾನ್ ಸಾಹೇಬರ ಶಿಷ್ಯನಾಗಿ ಮುಂದೆ ಸವಾಯಿ ಗಂಧರ್ವ (1886–1952) ಎಂದು ಹೆಸರಾದರು. ಅವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡುತ್ತಿದ್ದರು. ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲೇ ಉಳಿದು ಕಲಿತರು. ಕೈರಾನಾದ ಹೆಸರಿನಿಂದ ಕಿರಾನಾ ಘರಾಣೆ ಎಂದು ಕರೆಸಿಕೊಂಡ ಗಾಯನ ಹೀಗೆ ಧಾರವಾಡ ಸೀಮೆಯ ಬೆಳೆಯಾಯಿತು.

ಮೊದಲ ನಾಲ್ಕು ಮುದ್ರಿಕೆಗಳು ಇಲ್ಲಿಂದಲೇ ಬರಲಿ. ಅಬ್ದುಲ್ ಕರೀಂ ಖಾನರು ಶುದ್ಧ ಕಲ್ಯಾಣ ಮತ್ತು ಮಾಲಕಂಸ ರಾಗಗಳನ್ನು 78 ಸುತ್ತಿನ ತಟ್ಟೆಗಳಿಗೆ ಹಾಡಿದ್ದಾರೆ. ಅದೇ ರಾಗಗಳನ್ನು ಭೀಮಸೇನರು ಲಾಂಗ್ ಪ್ಲೇ ತಟ್ಟೆಗಳಿಗೆ ಹಾಡಿದ್ದಾರೆ. ಒಂದೇ ರಾಗದಲ್ಲಿ ಮೊದಲು ಖಾನ್ ಸಾಹೇಬರದು, ಆಮೇಲೆ ಭೀಮಸೇನರದು, ಮತ್ತೆ ಖಾನ್ ಸಾಹೇಬರದು ಹೀಗೆ ಮೂರು ಸಲ ಕೇಳಬೇಕು. 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಸಿಗುವುದು ಮೂರು ನಿಮಿಷದ ಆಸುಪಾಸು. ಬೈಠಕ್ಕಿನಲ್ಲಿ ತಾಸುಗಟ್ಟಲೆ ಹಾಡುವವರು ಅಷ್ಟರಲ್ಲೇ ರಾಗದ ಮುಖ ತೋರಿಸಿ, ಬಂದಿಶ್ ಹೇಳಿ, ತಾನು ಹಾಕಿ ಮುಗಿಸಬೇಕು. ಖಾನ್ ಸಾಹೇಬರು ಅಲ್ಲಿ ಅವಸರ ಮಾಡುವುದಿಲ್ಲ. ತೆಳ್ಳನೆಯ, ಮೇಲಿನ ಶ್ರುತಿಯ, ಒಂದಿಷ್ಟು ಅಳುಕಿದಂತೆ ಕೇಳುವ ದನಿ ಒಂದೊಂದು ಸ್ವರದ ಮೇಲೂ ನೆಚ್ಚಿ ನಿಲ್ಲುತ್ತದೆ. ಭೀಮಸೇನರದು ತುಂಬಿದ ಎದೆಯ ದನಿ, ಇಪ್ಪತ್ತು ನಿಮಿಷಕ್ಕೂ ಮಿಕ್ಕಿದ ಬಿಡುವು. ಮೇಲುನೋಟಕ್ಕೆ ಇಬ್ಬರಲ್ಲಿ ಹೋಲಿಕೆಯೇ ಕಾಣದು. ಆದರೆ ಷಡ್ಜದಿಂದ ಒಂದೊಂದೇ ಸ್ವರವನ್ನು ಮುಟ್ಟಿ, ಅದನ್ನು ಪೂರ್ತಿ ಬೆಳಗಿಸಿದ ಮೇಲೆಯೇ ಮುಂದಿನದಕ್ಕೆ ಏರುವ ನಡಿಗೆ ಒಂದೇ ಮನೆಯದು. ಇದು ಕಿವಿಗೆ ಹತ್ತಿದ ದಿನ ಘರಾಣೆ ಎಂದರೇನು ಎಂದು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಭೀಮಸೇನರ ಬದುಕೇ ಇಂಥ ಕೇಳ್ಮೆಯಿಂದ ತಿರುವು ಪಡೆಯಿತು. ಗದುಗಿನ ಹುಡುಗ ಅಬ್ದುಲ್ ಕರೀಂ ಖಾನರ ತಟ್ಟೆಯೊಂದನ್ನು ಕೇಳಿ, ಹಾಗೆ ಹಾಡುವುದನ್ನು ಕಲಿಯಬೇಕೆಂದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಹೋದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಮುಂದೆ ಭಾರತರತ್ನ ಪಡೆದ ಗಾಯಕನ ದಾರಿಯನ್ನು ಮೂರು ನಿಮಿಷದ ಒಂದು ತಟ್ಟೆ ಗೊತ್ತುಮಾಡಿತು.

ಐದನೆಯದೂ ಆರನೆಯದೂ ಗಂಗೂಬಾಯಿಯವರದು. ಹಾನಗಲ್ಲು ನಮ್ಮ ಜಿಲ್ಲೆಯ ತಾಲ್ಲೂಕು. ಅವರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಮಗಳ ದನಿಯನ್ನು 'ಗಾಂಧಾರಿ ಹಾನಗಲ್' ಎಂಬ ಹೆಸರಿನಲ್ಲಿ ಹೊರತಂದಿತು. ಅಲ್ಲಿ ಕೇಳುವುದು ಹಗುರವಾದ ಹೆಣ್ಣುದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಆ ದನಿ ಒಡೆದು ಭಾರವಾಯಿತು. ನಾವೆಲ್ಲ ಬಲ್ಲ ಗಂಗೂಬಾಯಿ ಈ ಎರಡನೆಯವರು. ಆರಂಭದ ಒಂದು ತಟ್ಟೆ, ಮುಪ್ಪಿನ ಕಾಲದ ಒಂದು ದೀರ್ಘ ಖ್ಯಾಲು ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳಬೇಕು. ಕಳೆದುಹೋದ ಸಿಹಿಯನ್ನು ನೆನೆದು ಕೊರಗದೆ, ಕೈಗೆ ಬಂದ ಗಡಸು ಕಂಠದಿಂದಲೇ ರಾಗವನ್ನು ಕಟ್ಟಿದ ಹೆಣ್ಣುಮಗಳ ಛಲ ಆಗ ಅರ್ಥವಾಗುತ್ತದೆ. ಹೆಣ್ಣಿನ ದನಿ ಹೀಗೇ ಇರಬೇಕೆಂದು ಕೇಳುಗರು ಹಾಕಿಟ್ಟ ಗೆರೆಯನ್ನು ಅವರು ವಾದ ಮಾಡದೆ ಅಳಿಸಿದರು. ಆ ಮುಪ್ಪಿನ ಕಾಲದ ಮುದ್ರಿಕೆಗಳಲ್ಲಿ ಇನ್ನೊಂದು ಹೆಣ್ಣುದನಿ ಸೇರಿಕೊಳ್ಳುವುದನ್ನು ಗಮನಿಸಿ. ಅದು ಮಗಳು ಕೃಷ್ಣಾ ಹಾನಗಲ್ಲರದು. ತಾಯಿಯ ಉಸಿರು ಸಾಲದಲ್ಲಿ ಮಗಳು ರಾಗವನ್ನು ಎತ್ತಿಕೊಳ್ಳುತ್ತಾರೆ.

ಏಳನೆಯದು ಮಲ್ಲಿಕಾರ್ಜುನ ಮನ್ಸೂರರದು (1910–1992). ಇಲ್ಲಿ ಘರಾಣೆ ಬದಲಾಗುತ್ತದೆ. ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಗಾಯಕಿ ಕಲಿತ ಮನ್ಸೂರರು ಆಮೇಲೆ ಜೈಪುರ ಅತ್ರೌಲಿ ಘರಾಣೆಯ ಉಸ್ತಾದ್ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನ್, ಬುರ್ಜೀಖಾನ್ ಇವರ ಶಿಷ್ಯರಾದರು. ಹೊಸ ಕೇಳುಗರು ಅವರ ಅಪರೂಪದ ಜೋಡುರಾಗಗಳಿಗೆ ಮೊದಲೇ ಕೈಹಾಕದೆ ಪರಿಚಯದ ರಾಗವೊಂದನ್ನು ಆರಿಸಿಕೊಳ್ಳುವುದು ಒಳಿತು. ಕಿರಾನಾದವರು ಸ್ವರದ ಮೇಲೆ ನಿಂತರೆ ಮನ್ಸೂರರು ಲಯದ ಬೆನ್ನೇರಿ ಹೋಗುತ್ತಾರೆ. ಒಂದು ತಾನು ಮುಗಿಯುವ ಮೊದಲೇ ಇನ್ನೊಂದು ಹುಟ್ಟಿರುತ್ತದೆ. ಇಲ್ಲಿ ನೆನಪಿಡಬೇಕಾದ ಸಂಗತಿಯೊಂದಿದೆ. 1946ರಲ್ಲಿ ತೀರಿಕೊಂಡ ಅಲ್ಲಾದಿಯಾ ಖಾನರು ತಮ್ಮ ದನಿಯನ್ನು ತಟ್ಟೆಗೆ ಕೊಡಲೇ ಇಲ್ಲ. ಇಡೀ ಘರಾಣೆಯನ್ನು ಕಟ್ಟಿದ ಉಸ್ತಾದರನ್ನು ಇವತ್ತು ಕೇಳಬೇಕೆಂದರೆ ಆ ಪರಂಪರೆಯ ಶಿಷ್ಯರ ಕಂಠದಲ್ಲೇ ಕೇಳಬೇಕು. ಧಾರವಾಡದ ಪಕ್ಕದ ಹಳ್ಳಿಯ, ಹಣೆತುಂಬ ವಿಭೂತಿ ಧರಿಸಿದ ಲಿಂಗಾಯತ ಗಾಯಕ ಒಬ್ಬ ಮುಸ್ಲಿಂ ಉಸ್ತಾದನ ವಿದ್ಯೆಯನ್ನು ಕಂಠದಲ್ಲಿ ಕಾಪಿಟ್ಟರು. ಸಂಗ್ರಹದಲ್ಲಿ ಏನಿದೆ ಎಂಬುದರಷ್ಟೇ ಏನಿಲ್ಲ ಎಂಬುದೂ ಮುಖ್ಯ ಎನ್ನುವುದು ಇದಕ್ಕಾಗಿ. ಸವಾಯಿ ಗಂಧರ್ವರ ವಿಷಯವೂ ಹೀಗೆಯೇ. ಅವರ ದನಿಯಲ್ಲಿ ಉಳಿದಿರುವುದು ಕಡಿಮೆ, ಅವರ ಶಿಷ್ಯರ ದನಿಯಲ್ಲಿ ಉಳಿದಿರುವುದು ಅಪಾರ. ಯಂತ್ರ ಹಾಡನ್ನು ಹಿಡಿಯಿತು, ಪಾಠವನ್ನು ಹಿಡಿಯಲಿಲ್ಲ.

ಎಂಟನೆಯದು ಬಸವರಾಜ ರಾಜಗುರುಗಳದು. ಖ್ಯಾಲು, ನಾಟ್ಯಗೀತೆ, ವಚನ ಮೂರನ್ನೂ ಒಂದೇ ಸಲೀಸಿನಿಂದ ಹಾಡಿದವರು. ಅವರ ಗುರು ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು. ಕಣ್ಣಿಲ್ಲದ ಅವರು ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಜಾತಿ ಕೇಳದೆ ಕೂಡಿಸಿಕೊಂಡು ಸಂಗೀತ ಕಲಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅವರ ನಂತರ ನಡೆಸಿದ ಪುಟ್ಟರಾಜ ಗವಾಯಿಗಳೂ (1914–2010) ಹಾನಗಲ್ಲು ತಾಲ್ಲೂಕಿನಲ್ಲೇ ಹುಟ್ಟಿದವರು. ಸಂಗೀತದ ಚರಿತ್ರೆಯಲ್ಲಿ ನಮ್ಮ ಜಿಲ್ಲೆಗೆ ಏನು ಪಾಲು ಎಂದು ಕೇಳುವವರಿಗೆ ಇಷ್ಟು ಉತ್ತರ ಸಾಕು.

ಒಂಬತ್ತನೆಯದು ಆಗ್ರಾ ಘರಾಣೆಯ ಉಸ್ತಾದ್ ಫೈಯಾಜ್ ಖಾನರ ಒಂದು ತಟ್ಟೆ. ಜೈಜೈವಂತಿಯಾಗಲಿ, ನಟಬಿಹಾಗವಾಗಲಿ ಸರಿ. ಅವರಿಗೆ 'ಆಫ್ತಾಬ್ ಎ ಮೌಸಿಕೀ', ಅಂದರೆ ಸಂಗೀತದ ಸೂರ್ಯ ಎಂಬ ಬಿರುದು ಕೊಟ್ಟದ್ದು ಮೈಸೂರು ಅರಮನೆ. ಹತ್ತನೆಯದು ಸಿತಾರ್. ಧಾರವಾಡದಲ್ಲಿ ನೆಲೆನಿಂತ ಸಿತಾರ್ ರತ್ನ ರಹಿಮತ್ ಖಾನರ ಮೊಮ್ಮಗ ಉಸ್ತಾದ್ ಬಾಲೇಖಾನರು (1942–2007) ನುಡಿಸಿದ ಯಾವುದಾದರೂ ಒಂದು ಸಂಜೆಯ ರಾಗ. ಕಂಠಕ್ಕೆ ಒಗ್ಗಿದ ಕಿವಿಗೆ ತಂತಿ ಹಾಡುವುದನ್ನು ತೋರಿಸಲು ಅವರ ನಿಧಾನದ ಆಲಾಪಕ್ಕಿಂತ ಒಳ್ಳೆಯ ಆರಂಭ ಬೇಡ.

ಇಷ್ಟು ಕೂಡಿದ ಮೇಲೆ ನಮ್ಮ ತಕರಾರು ಮುದ್ರಿಕೆ ಕಂಪನಿಗಳ ಕಡೆಗೆ ತಿರುಗುತ್ತದೆ. ಹಳೆಯ ತಟ್ಟೆಗಳ ಚೀಟಿಯ ಮೇಲೆ ಗಾಯಕರ ಹೆಸರು, ರಾಗದ ಹೆಸರು ಇರುತ್ತದೆ. ತಬಲಾ, ಸಾರಂಗಿ, ಹಾರ್ಮೋನಿಯಂ ನುಡಿಸಿದವರ ಹೆಸರು ಎಷ್ಟೋ ಸಲ ಇರುವುದಿಲ್ಲ. ಆ ಸಾಥಿದಾರರಲ್ಲಿ, ಅದರಲ್ಲೂ ಸಾರಂಗಿಯವರಲ್ಲಿ, ಮುಸ್ಲಿಂ ಮನೆತನಗಳವರು ಬಹಳ. ತವಾಯಫರ ಕೋಠಿಗಳಲ್ಲಿ ನುಡಿಸಿದವರೆಂಬ ಕಾರಣಕ್ಕೆ ಅವರನ್ನು ಸಭ್ಯ ಸಮಾಜ ಕೀಳಾಗಿ ಕಂಡಿತು. ತಟ್ಟೆಯ ಮೇಲಿನ ಖಾಲಿ ಜಾಗದಲ್ಲಿ ಆ ತಾತ್ಸಾರದ ಗುರುತೂ ಇದೆ. ಇವತ್ತು ಮೊಬೈಲಿನಲ್ಲಿ ಸಿಗುವ ಪ್ರತಿಗಳಲ್ಲಂತೂ ಗಾಯಕರ ಹೆಸರೇ ಒಮ್ಮೊಮ್ಮೆ ತಪ್ಪಾಗಿರುತ್ತದೆ. ಗಂಗೂಬಾಯಿಯವರ ಎಷ್ಟೋ ಕಛೇರಿಗಳಿಗೆ ತಬಲಾ ನುಡಿಸಿದವರು ತಮ್ಮ ಶೇಷಗಿರಿ ಹಾನಗಲ್ಲರು ಎಂಬುದನ್ನು ಬಲ್ಲವರು ಎಷ್ಟು ಜನ?

ಹೆಣ್ಣುಮಕ್ಕಳು ಈ ಮರೆವಿನ ವಿರುದ್ಧ ತಮ್ಮದೇ ದಾರಿ ಕಂಡುಕೊಂಡಿದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ಧ್ವನಿಮುದ್ರಣಗಳು ನಡೆದಾಗ ಹಾಡಿದ ಗೌಹರ್ ಜಾನ್, ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳುತ್ತಿದ್ದಳು. ಅದು ತಟ್ಟೆ ಯಾರದೆಂದು ಪರದೇಶದ ಕಾರ್ಖಾನೆಯವರಿಗೆ ಗೊತ್ತಾಗಲೆಂದು ಮಾಡಿದ ಏರ್ಪಾಡು. ಇವತ್ತು ಕೇಳುವಾಗ ಅದು ಹಕ್ಕಿನ ಮಾತಾಗಿ ಕೇಳುತ್ತದೆ. ದೇಶವೆಲ್ಲ ಬಲ್ಲ ಆ ಗಾಯಕಿ ಕೊನೆಗೆ ಆಶ್ರಯ ಪಡೆದದ್ದು ಮೈಸೂರು ಅರಮನೆಯಲ್ಲಿ. 1930ರಲ್ಲಿ ತೀರಿಕೊಂಡದ್ದೂ ಮೈಸೂರಿನಲ್ಲೇ. ಹತ್ತರ ಲೆಕ್ಕಕ್ಕೆ ಹನ್ನೊಂದನೆಯದಾಗಿ ಅವಳ ಒಂದು ತಟ್ಟೆ ಇರಲಿ.

ಇಷ್ಟೆಲ್ಲ ಹೇಳುವಾಗ ನಮ್ಮ ಓದುಗರಲ್ಲಿ ಏಳುವ ಪ್ರಶ್ನೆಯನ್ನು ಬದಿಗೊತ್ತಲಾಗದು. ಸಂಗೀತ ನಮಗೆ ಸಲ್ಲುತ್ತದೆಯೇ ಎಂಬ ಜಿಜ್ಞಾಸೆ ಮುಸ್ಲಿಂ ಸಮಾಜದೊಳಗೆ ಹಳೆಯದು. ವಾದ್ಯಗಳ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ. ಚಿಶ್ತಿ ಸೂಫಿಗಳು ಸಮಾ ಕೂಟಗಳನ್ನು ನಡೆಸಿದರು, ಕಲಬುರಗಿಯ ಖ್ವಾಜಾ ಬಂದೇನವಾಜರ ಪರಂಪರೆಯೂ ಅದೇ. ಬೇರೆಯವರು ಅದನ್ನು ಒಪ್ಪಲಿಲ್ಲ. ವಿಶ್ವಾಸದ ಕಾರಣಕ್ಕೆ ಕೇಳದೆ ಇರುವವರ ನಿಲುವನ್ನು ನಾವು ಗೌರವಿಸುತ್ತೇವೆ. ಆದರೆ ಕೇಳದಿರುವುದು ಬೇರೆ, ನಮ್ಮ ಹಿರಿಯರು ಇದನ್ನು ಕಟ್ಟಲೇ ಇಲ್ಲವೆಂಬಂತೆ ಮರೆತುಬಿಡುವುದು ಬೇರೆ. ಅಬ್ದುಲ್ ಕರೀಂ ಖಾನರು 1913ರಲ್ಲಿ ಪುಣೆಯಲ್ಲಿ ತಮ್ಮ ಶಾಲೆಯನ್ನು ತೆರೆದು ಅದಕ್ಕೆ ಇಟ್ಟ ಹೆಸರು ಆರ್ಯ ಸಂಗೀತ ವಿದ್ಯಾಲಯ. ತ್ಯಾಗರಾಜರ ಕೃತಿಯನ್ನು ಕಲಿತು ತಟ್ಟೆಗೆ ಹಾಡಿದರು. 1937ರಲ್ಲಿ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ಎಂಬ ರೈಲು ನಿಲ್ದಾಣದಲ್ಲಿ ತೀರಿಕೊಂಡ ಅವರು ಮಣ್ಣಾದದ್ದು ಮಿರಜಿನ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ. ಇಂಥ ಬದುಕನ್ನು ನಾವೇ ಕೈಬಿಟ್ಟರೆ ಅದನ್ನು ಕೇಳುವವರು ಯಾರು?

ಮರೆವಿಗೆ ಇನ್ನೊಂದು ಕಡೆಯಿಂದಲೂ ಒತ್ತಾಸೆ ಇದೆ. 2002ರ ಗುಜರಾತ್ ಗಲಭೆಯಲ್ಲಿ ವಡೋದರಾದ ಫೈಯಾಜ್ ಖಾನರ ಗೋರಿಗೆ ಹಾನಿ ಮಾಡಲಾಯಿತು. 2016ರಲ್ಲಿ ಕೈರಾನಾದ ಹೆಸರು ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಕೋಮುಬಣ್ಣ ಹಚ್ಚಿದ ವಲಸೆಯ ವಿವಾದದಿಂದ. ಆ ಊರಿನಿಂದ ಹೊರಟ ದನಿಯೊಂದು ಕುಂದಗೋಳದ ವಾಡೆಯಲ್ಲಿ ಕನ್ನಡದ ಮಕ್ಕಳ ಕಂಠಕ್ಕೆ ಇಳಿಯಿತು ಎಂಬುದು ಆ ಚರ್ಚೆಯಲ್ಲಿ ಯಾರ ನೆನಪಿಗೂ ಬಂದಂತೆ ಕಾಣಲಿಲ್ಲ.

ಹಾಗೆಂದು ಸೌಹಾರ್ದದ ವೇದಿಕೆಗಳಲ್ಲಿ ಈ ಉಸ್ತಾದರು ಕಾಣಿಸಿಕೊಳ್ಳುವ ಬಗೆಯೂ ನಮಗೆ ಸಮಾಧಾನ ತರುವುದಿಲ್ಲ. ಭಾಷಣಕಾರರು ಶರೀಫರ ಹೆಸರು ಹೇಳುತ್ತಾರೆ, ಅಬ್ದುಲ್ ಕರೀಂ ಖಾನರ ಹೆಸರು ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಮೂರು ನಿಮಿಷದ ಶುದ್ಧ ಕಲ್ಯಾಣವನ್ನು ಸಭೆಗೆ ಕೇಳಿಸಿದ್ದನ್ನು ನಾವು ಕಂಡಿಲ್ಲ. ಹೆಸರು ಒಡವೆಯಂತೆ ಹಾಕಿ ತೆಗೆಯುವ ವಸ್ತುವಾದಾಗ ಅದರ ಹಿಂದಿನ ದುಡಿಮೆ ಮರೆಯಾಗುತ್ತದೆ. ಉಸ್ತಾದರು ಇಲ್ಲಿ ಸೌಹಾರ್ದದ ಪ್ರದರ್ಶನಕ್ಕೆ ಬಂದವರಲ್ಲ. ಒಬ್ಬ ಗುರು, ಕಲಿಯುವ ಹಸಿವಿದ್ದ ಒಬ್ಬ ಶಿಷ್ಯ, ದಿನಕ್ಕೆ ಹಲವು ತಾಸಿನ ರಿಯಾಜು, ಗದರಿಕೆ, ಮತ್ತೆ ರಿಯಾಜು ಇಷ್ಟರಿಂದ ಕೂಡಿದ ಸಂಬಂಧ ಅದು. ಆ ಸಂಬಂಧದ ದಾಖಲೆ ಭಾಷಣದಲ್ಲಿ ಸಿಗುವುದಿಲ್ಲ, ಮುದ್ರಿಕೆಯಲ್ಲಿ ಸಿಗುತ್ತದೆ.

ಇನ್ನು ಕೆಲಸದ ಮಾತು. ಇವೆಲ್ಲಕ್ಕೆ ದೊಡ್ಡ ಖರ್ಚಿಲ್ಲ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಈ ಸೀಮೆಯ ಗಾಯಕರನ್ನು ಹಳ್ಳಿಹಳ್ಳಿಗೆ ತಲುಪಿಸಿದ ದೊಡ್ಡ ಶಾಲೆ. ಪ್ರಸಾರ ಭಾರತಿ ತನ್ನ ಭಂಡಾರದ ಮುದ್ರಣಗಳನ್ನು ಸಿಡಿಗಳಾಗಿ ಹೊರತಂದಿದೆ. 2000ದಲ್ಲಿ ಸಾರೆಗಾಮಾ ಎಂದು ಹೆಸರು ಬದಲಿಸಿಕೊಂಡ ಹಳೆಯ ಗ್ರಾಮಫೋನ್ ಕಂಪನಿಯ ಮುದ್ರಿಕೆಗಳು ಮೊಬೈಲಿನಲ್ಲೇ ಸಿಗುತ್ತವೆ. ಹತ್ತನ್ನು ಒಂದೇ ದಿನ ತುಂಬಿಕೊಳ್ಳದೆ ತಿಂಗಳಿಗೆ ಒಂದರಂತೆ ಕೂಡಿಸಿದರೆ ವರ್ಷ ತುಂಬುವ ಮೊದಲೇ ಸಂಗ್ರಹ ಸಿದ್ಧ. ಜೊತೆಗೆ ಎರಡು ಪುಸ್ತಕ ಇರಲಿ: ಮನ್ಸೂರರ 'ನನ್ನ ರಸಯಾತ್ರೆ', ಗಂಗೂಬಾಯಿಯವರ 'ನನ್ನ ಬದುಕಿನ ಹಾಡು'. ಎರಡೂ ಕನ್ನಡದ್ದು, ಎರಡೂ ಗುರುಗಳನ್ನು ನೆನೆಯುವ ಪುಸ್ತಕಗಳು.

ಕೊನೆಯದಾಗಿ ಒಂದು ನೂರು ಪುಟದ ನೋಟುಬುಕ್ಕು ಬೇಕು. ಪ್ರತಿ ಮುದ್ರಿಕೆಗೆ ಒಂದು ಪುಟ. ಹಾಡಿದವರು ಯಾರು, ಅವರಿಗೆ ಕಲಿಸಿದವರು ಯಾರು, ತಬಲಾ ಯಾರದು, ಸಾರಂಗಿ ಯಾರದು, ತಟ್ಟೆಯ ವರ್ಷ ಯಾವುದು ಎಂದು ತಿಳಿದಷ್ಟು ಬರೆಯಬೇಕು. ತಿಳಿಯದಿದ್ದಲ್ಲಿ ಸಾಲು ಖಾಲಿ ಬಿಡಬೇಕು, ಮುಂದೆಂದೋ ಬಲ್ಲವರು ಸಿಕ್ಕಾಗ ಕೇಳಿ ತುಂಬಬೇಕು. ಮೊಬೈಲು ಕೆಟ್ಟರೆ ಹಾಡು ಇನ್ನೊಂದರಲ್ಲಿ ಸಿಗುತ್ತದೆ. ಸಾರಂಗಿಯವನ ಹೆಸರು ನಾವು ಬರೆದಿಡದಿದ್ದರೆ ಎಲ್ಲೂ ಸಿಗುವುದಿಲ್ಲ.